ಮರಕ್ಕೆ ರಹದಾರಿ ಇದೆ, ಮಿಷನ್ ಹಿಡಿದವನಿಗೆ ಏನಿದೆ?

ಇವತ್ತು ಒಂದು ರೀಲ್‌ನಿಂದ ಶುರು ಮಾಡೋಣ. ನಿಮ್ಮ ಫೀಡ್‌ನಲ್ಲೂ ಬಂದಿರುತ್ತೆ. ದೊಡ್ಡ ಮರ. ಬುಡದಲ್ಲಿ ಒಬ್ಬ ಚೈನ್ ಸಾ ಹಿಡ್ಕೊಂಡು ಬಗ್ಗಿದಾನೆ. ಹಿಂದೆ ಯಾವುದೋ ಸಿನಿಮಾದ ಮಾಸ್ ಬಿಜಿಎಂ. ಮರ ಲಟಲಟ ಅಂತ ಸದ್ದು ಮಾಡುತ್ತೆ, ವಾಲುತ್ತೆ, ಧಡಾರ್ ಅಂತ ಬೀಳುತ್ತೆ. ಕೆಳಗಡೆ ಕಾಮೆಂಟ್‌ನಲ್ಲಿ ಒಂದಿಷ್ಟು ಜನ ಬೆಂಕಿ ಇಮೋಜಿ ಹಾಕಿರ್ತಾರೆ, ಇನ್ನೊಂದಿಷ್ಟು ಜನ ಪರಿಸರ ಹಾಳಾಯ್ತು ಅಂತ ಬೈದಿರ್ತಾರೆ.

ಮುಂದಿನ ಸಲ ಅಂಥ ರೀಲ್ ಬಂದಾಗ ಮರ ನೋಡ್ಬೇಡಿ, ಆ ಮನುಷ್ಯನ ಕಾಲು ನೋಡಿ. ಬಹಳ ಸಲ ಹವಾಯಿ ಚಪ್ಪಲಿ ಇರುತ್ತೆ. ತಲೆ ನೋಡಿ, ಟವೆಲ್ ಸುತ್ತಿರುತ್ತೆ. ಆಮೇಲೆ ವಿಡಿಯೋ ಮಾಡ್ತಿರೋನು ಎಲ್ಲಿ ನಿಂತಿರಬಹುದು ಅಂತ ಅಂದಾಜು ಮಾಡಿ. ಮರದ ಎತ್ತರದಷ್ಟು ದೂರದಲ್ಲೂ ಇರಲ್ಲ. ಮರ ಕಡಿಯೋದು ಸರಿನಾ ತಪ್ಪಾ ಅನ್ನೋ ಚರ್ಚೆ ಕನ್ನಡದಲ್ಲಿ ಬೇಕಾದಷ್ಟಿದೆ. ಕಡಿಯೋನು ಸಂಜೆ ಮನೆಗೆ ವಾಪಸ್ ಹೋಗ್ತಾನಾ ಅನ್ನೋ ಚರ್ಚೆ ಅಷ್ಟಿಲ್ಲ. ಇವತ್ತಿನ ಎಪಿಸೋಡ್ ಅದರ ಬಗ್ಗೆ. ಮರ ಬೀಳಿಸೋ, ನಾಟಾ ಎಳೆಯೋ, ಲಾರಿಗೆ ಹೇರೋ ಜಾಗದಲ್ಲಿ ಮಿಷನ್‌ಗಳಿಂದ ಅಪಘಾತ ಹೇಗಾಗುತ್ತೆ, ತಡೆಯೋದು ಹೇಗೆ, ಗೊತ್ತಿದ್ದೂ ಯಾಕೆ ತಡೆಯೋದಿಲ್ಲ. ನಾನು ಓದಿದ್ದು ಬಿ.ಕಾಂ. ಅದಕ್ಕೆ ಕೊನೆಯ 'ಯಾಕೆ' ಹತ್ರ ಬಂದಾಗ ಲೆಕ್ಕದ ಪುಸ್ತಕ ತೆಗೀತೀನಿ, ಸ್ವಲ್ಪ ಸಹಿಸ್ಕೊಳ್ಳಿ.

ಮೊದಲು ಈ ಕೆಲಸ ಎಷ್ಟು ಅಪಾಯದ್ದು ಅಂತ ಒಂದು ಅಂದಾಜು ಬೇಕಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಪ್ರತಿ ವರ್ಷ ಲೆಕ್ಕ ಕೊಡುತ್ತೆ. 2023ರಲ್ಲಿ ಅಲ್ಲಿ ಎಲ್ಲಾ ಕೆಲಸಗಳನ್ನೂ ಸೇರಿಸಿದ್ರೆ ಒಂದು ಲಕ್ಷ ಕೆಲಸಗಾರರಿಗೆ 3.5 ಸಾವು. ಮರ ಕಡಿಯೋ ಕೆಲಸದಲ್ಲಿ ಒಂದು ಲಕ್ಷಕ್ಕೆ 98.9. ಪೊಲೀಸ್ ಕೆಲಸ, ಟ್ರಕ್ ಓಡಿಸೋದು, ಕಟ್ಟಡದ ಕೆಲಸ, ಯಾವುದೂ ಇದರ ಹತ್ರ ಬರಲ್ಲ. ಗಮನಿಸಿ, ಅದು ಹೆಲ್ಮೆಟ್, ಟ್ರೇನಿಂಗ್, ಇನ್ಶೂರೆನ್ಸ್, ದೊಡ್ಡ ದೊಡ್ಡ ಹಾರ್ವೆಸ್ಟರ್ ಮಿಷನ್ ಎಲ್ಲಾ ಇರೋ ದೇಶದ ಲೆಕ್ಕ.

ಈಗ ನಮ್ಮ ಕಡೆ ಬನ್ನಿ. ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಕಡೆ ಕಾಫಿ ತೋಟಕ್ಕೆ ಹೋದವರಿಗೆ ಸಿಲ್ವರ್ ಓಕ್ ಗೊತ್ತಿರುತ್ತೆ. ನೆಟ್ಟಗೆ ಕಂಬದ ಹಾಗೆ ನಿಂತಿರುತ್ತೆ, ಮೈಮೇಲೆ ಮೆಣಸಿನ ಬಳ್ಳಿ ಹಬ್ಬಿರುತ್ತೆ. ತೋಟದೋರ ಬಾಯಲ್ಲಿ ಅದು ಬರೀ 'ಸಿಲ್ವರ್'. ಮಗಳ ಮದುವೆ ಇರಲಿ, ಬ್ಯಾಂಕ್ ಸಾಲ ಇರಲಿ, 'ಸಿಲ್ವರ್ ಕೊಟ್ಬಿಡೋಣ' ಅಂತಾರೆ. ನಿಂತಿರೋ ಫಿಕ್ಸೆಡ್ ಡೆಪಾಸಿಟ್ ಅದು. ಶಿವಮೊಗ್ಗ ಕಡೆ ಆದ್ರೆ ಅಕೇಶಿಯಾ, ನೀಲಗಿರಿ ನೆಡುತೋಪು. ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ ಕೆಲಸ ಶುರು, ಮತ್ತೆ ಮಳೆ ಹಿಡಿಯೋ ಮುಂಚೆ ಮಾಲು ರಸ್ತೆಗೆ ಬರ್ಬೇಕು. ಅಂದ್ರೆ ಕೊನೆಕೊನೆಗೆ ಅವಸರ ಜಾಸ್ತಿ.

ಕಾಗದಪತ್ರದ ವಿಚಾರ ಮಜಾ ಇದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ನೇ ಇಸವಿದು. ತೇಗ, ಬೀಟೆ ತರಹದ ಮರ ಕಡಿಯೋಕೆ ಅರ್ಜಿ, ಅನುಮತಿ, ಅಳತೆ, ದಿಮ್ಮಿ ಮೇಲೆ ನಂಬರ್, ಹ್ಯಾಮರ್ ಮುದ್ರೆ, ಸಾಗಿಸೋಕೆ ರಹದಾರಿ, ಎಲ್ಲಾ ಬೇಕು. ಸಿಲ್ವರ್ ಓಕ್‌ಗೆ ಕಡಿಯೋ ಅನುಮತಿಯಿಂದ ವಿನಾಯಿತಿ ಇದೆ. ಎರಡೂ ಕಡೆ ಒಂದು ಪ್ರಶ್ನೆ ಮಾತ್ರ ಬರೋದೇ ಇಲ್ಲ. ಕಡಿಯೋನು ಯಾರು, ಅವನಿಗೆ ಕೆಲಸ ಯಾರು ಕಲಿಸಿದ್ರು, ಅವನ ಮಿಷನ್‌ಗೆ ಬ್ರೇಕ್ ಇದೆಯಾ? ದಿಮ್ಮಿಗೊಂದು ನಂಬರ್ ಇರುತ್ತೆ. ಅದನ್ನ ಬೀಳಿಸಿದೋನ ಹೆಸರು ಹಾಜರಿ ಪುಸ್ತಕದಲ್ಲೂ ಇರಲ್ಲ. ಅದೇ ದಿಮ್ಮಿ ದೊಡ್ಡ ಸಾ ಮಿಲ್ ಒಳಗೆ ಹೋದ ಮೇಲೆ ಕಾರ್ಖಾನೆ ಕಾನೂನು ಬರುತ್ತೆ, ಬ್ಲೇಡಿಗೆ ಗಾರ್ಡ್ ಎಲ್ಲಿ ಅಂತ ಕೇಳೋ ಇನ್ಸ್‌ಪೆಕ್ಟರ್ ಒಬ್ಬರು ಇರ್ತಾರೆ. ತೋಟದ ಇಳಿಜಾರಿನಲ್ಲಿ ಓಡೋ ಬ್ಲೇಡಿಗೆ ಮಿಷನ್ ಹಿಡಿದೋನೇ ಇನ್ಸ್‌ಪೆಕ್ಟರ್.

ಹಳೇ ಕಾಲದಲ್ಲಿ ಇಬ್ಬರು ಆ ಕಡೆ ಈ ಕಡೆ ಕೂತು ಎಳೆಯೋ ಗರಗಸ ಇತ್ತು. ನಿಧಾನದ ಕೆಲಸ. ಹೊಸಬ ಅನ್ನೋನು ವರ್ಷಗಟ್ಟಲೆ ಹಳಬನ ಎದುರಿಗೆ ಕೂತು ಎಳೀತಿದ್ದ. ಮರ ಯಾವ ಕಡೆ ವಾಲಿದೆ, ಗಾಳಿ ಯಾವ ಕಡೆ, ಒಳಗೆ ಟೊಳ್ಳಿದೆಯಾ ಅಂತ ಬೊಡ್ಡೆಗೆ ತಟ್ಟಿ ಕೇಳೋದು, ಎಲ್ಲಾ ಆ ಎಳೆದಾಟದಲ್ಲೇ ಕಲೀತಿದ್ದ. ಈಗ ಐದಾರು ಕೆಜಿ ತೂಕದ ಮಿಷನ್ ಬಂತು. ಸೋಮವಾರ ಕಂತಿನಲ್ಲಿ ತಗೊಂಡ್ರೆ ಮಂಗಳವಾರ ಕೂಪಿಗೆ ಇಳಿಬಹುದು. ಮಿಷನ್ ಕೆಲಸವನ್ನ ಹತ್ತು ಪಟ್ಟು ಬೇಗ ಮಾಡ್ತು, ಜೊತೆಗೆ ಕಲಿಯೋ ಕಾಲವನ್ನೂ ತಿಂದುಹಾಕ್ತು. ಸ್ವೀಡನ್‌ನಲ್ಲಿ ಕೆಲಸಕ್ಕೆ ಚೈನ್ ಸಾ ಹಿಡಿಬೇಕು ಅಂದ್ರೆ ತರಬೇತಿ ಮುಗಿಸಿದ ಸರ್ಟಿಫಿಕೇಟ್ ಕಡ್ಡಾಯ. ನಮ್ಮಲ್ಲಿ ಮೊಪೆಡ್‌ಗೆ ಲೈಸೆನ್ಸ್ ಬೇಕು, ಇದಕ್ಕೆ ಪೆಟ್ರೋಲ್ ಇದ್ರೆ ಸಾಕು.

ಸರಿ, ಮಿಷನ್ ಹತ್ರ ಹೋಗೋಣ. ಫುಲ್ ಆಕ್ಸಿಲರೇಟರ್‌ನಲ್ಲಿ ಆ ಚೈನ್ ಸೆಕೆಂಡಿಗೆ 20 ಮೀಟರ್‌ಗಿಂತ ಜಾಸ್ತಿ ಓಡುತ್ತೆ. ಗಂಟೆಗೆ 70 ಕಿಲೋಮೀಟರ್ ಅಂತ ಇಟ್ಕೊಳ್ಳಿ. ಚೈನ್ ಸುತ್ತೋ ಉದ್ದನೆ ಪಟ್ಟಿ ಇದೆಯಲ್ಲ, ಅದು ಬಾರ್. ಬಾರ್‌ನ ಮೂತಿಯ ಮೇಲ್ಭಾಗ, ಅಲ್ಲೊಂದು ಕಾಲುಭಾಗ, ಅದೇ ಅಪಾಯದ ಜಾಗ. ಕುಯ್ಯುವಾಗ ಆ ಜಾಗ ಪಕ್ಕದ ಕೊಂಬೆಗೋ, ಕೆಳಗೆ ಬಿದ್ದಿರೋ ದಿಮ್ಮಿಗೋ ತಾಗಿದ್ರೆ ಚೈನ್ ಕಚ್ಚಿಕೊಳ್ಳುತ್ತೆ, ಬಾರ್ ಚಿಮ್ಮಿ ಮೇಲಕ್ಕೆ ಬಂದು ಹಿಡಿದವನ ಕಡೆ ತಿರುಗುತ್ತೆ. ಇಂಗ್ಲಿಷ್‌ನಲ್ಲಿ ಕಿಕ್‌ಬ್ಯಾಕ್ ಅಂತಾರೆ. ನಮ್ಮ ಕಡೆ ಮಿಷನ್ 'ಒದೀತು' ಅಂತಾರೆ, ಸರಿಯಾದ ಮಾತು. ಕಣ್ಣು ಮಿಟುಕಿಸೋಷ್ಟು ಟೈಮ್ ಸಿಗಲ್ಲ. ಏಟು ಬೀಳೋದು ಮುಖಕ್ಕೆ, ಕುತ್ತಿಗೆಗೆ, ಎಡ ಭುಜಕ್ಕೆ.

ಇದಕ್ಕೆ ಮಿಷನ್‌ನಲ್ಲೇ ಒಂದು ಉಪಾಯ ಇದೆ. ಎಡಗೈ ಹಿಡಿಯ ಮುಂದೆ ಒಂದು ಪ್ಲಾಸ್ಟಿಕ್ ತಡೆ ಇರುತ್ತೆ ನೋಡಿ, ಬಹಳ ಜನ ಅದನ್ನ ಕೈಗೆ ಸಿಪ್ಪೆ ಹಾರದೇ ಇರಲಿ ಅಂತ ಕೊಟ್ಟಿದಾರೆ ಅಂದ್ಕೊಂಡಿದಾರೆ. ಅದು ಚೈನ್ ಬ್ರೇಕ್. ಮಿಷನ್ ಒದ್ದಾಗ ಎಡಗೈ ಮಣಿಕಟ್ಟು ಅದಕ್ಕೆ ಬಡಿದು, ಅಥವಾ ಒದ್ದ ರಭಸಕ್ಕೆ ತಾನೇ ಮುಂದೆ ವಾಲಿ, ಚೈನ್ ಥಟ್ ಅಂತ ನಿಲ್ಲುತ್ತೆ. ತೋಟಗಳಲ್ಲಿ ಓಡ್ತಿರೋ ಎಷ್ಟೋ ಮಿಷನ್‌ಗಳಲ್ಲಿ ಆ ತಡೆ ಮುರಿದು ಹೋಗಿರುತ್ತೆ. ಕೆಲವರು ಬೇಕಂತಲೇ ತೆಗೆದಿರ್ತಾರೆ. ಕೇಳಿದ್ರೆ 'ಅದು ಅಡ್ಡ ಬರುತ್ತೆ, ಸುಮ್ಸುಮ್ನೆ ಬೀಳುತ್ತೆ' ಅನ್ನೋ ಉತ್ತರ. ಬೈಕ್‌ನ ಬ್ರೇಕ್ ಸುಮ್ನೆ ಹಿಡಿಯುತ್ತೆ ಅಂತ ಯಾರಾದ್ರೂ ಬ್ರೇಕ್ ಕಿತ್ತು ಬಿಸಾಕ್ತಾರಾ? ಬೆಳಿಗ್ಗೆ ಕೆಲಸ ಶುರು ಮಾಡೋ ಮುಂಚೆ ಮಿಷನ್ ನೆಲದ ಮೇಲೆ ಗಟ್ಟಿಯಾಗಿ ಇಟ್ಟು, ಆಕ್ಸಿಲರೇಟರ್ ಕೊಟ್ಟು, ಮಣಿಕಟ್ಟಿನಿಂದ ಆ ತಡೆಯನ್ನ ಮುಂದೆ ತಳ್ಳಿ. ಚೈನ್ ತಕ್ಷಣ ನಿಲ್ಲಬೇಕು. ಜಾರ್ತಾ ಜಾರ್ತಾ ನಿಂತ್ರೆ ಅವತ್ತು ಆ ಮಿಷನ್‌ಗೆ ರಜೆ. ಈ ಪರೀಕ್ಷೆಗೆ ಹತ್ತು ಸೆಕೆಂಡ್ ಬೇಕು, ದುಡ್ಡು ಬೇಡ.

ಇನ್ನೊಂದು ಸ್ಟೈಲ್ ಇದೆ, ರೀಲ್‌ಗಳಲ್ಲಿ ಜಾಸ್ತಿ ನೋಡ್ತೀರ. ಒಂದು ಕೈಯಲ್ಲಿ ಮಿಷನ್ ಗಾಳಿಯಲ್ಲಿ ಕೆಳಗೆ ಬಿಟ್ಟು, ಇನ್ನೊಂದು ಕೈಯಲ್ಲಿ ಹಗ್ಗ ಎಳೆದು ಸ್ಟಾರ್ಟ್ ಮಾಡೋದು. ಹೀರೋ ಎಂಟ್ರಿ ತರಹ ಕಾಣುತ್ತೆ. ಅಮೆರಿಕದ ಮರಗೆಲಸದ ಸುರಕ್ಷತಾ ನಿಯಮದಲ್ಲಿ ಅದನ್ನ ನೇರವಾಗಿ ನಿಷೇಧ ಮಾಡಿದಾರೆ. ಯಾಕಂದ್ರೆ ಚೈನ್ ತಿರುಗೋಕೆ ಶುರು ಆದ ಕ್ಷಣ ಮಿಷನ್ ನಿಮ್ಮ ತೊಡೆಯಿಂದ ಒಂದು ಗೇಣು ದೂರದಲ್ಲಿ, ಒಂದೇ ಕೈಯ ಹಿಡಿತದಲ್ಲಿ ಇರುತ್ತೆ. ನೆಲದ ಮೇಲಿಟ್ಟು, ಹಿಂದಿನ ಹಿಡಿಯನ್ನ ಬೂಟ್‌ನಿಂದ ಒತ್ತಿ, ಬ್ರೇಕ್ ಹಾಕಿ ಎಳೀಬೇಕು. ಬಿಸಿ ಇಂಜಿನ್‌ಗೆ ಪೆಟ್ರೋಲ್ ಸುರಿಯೋದು, ಸುರಿದ ಜಾಗದಲ್ಲೇ ಸ್ಟಾರ್ಟ್ ಮಾಡೋದು, ಅದೂ ಬೇಡ. ಹತ್ತು ಅಡಿ ಆಚೆ ಹೋಗಿ ಮಾಡಿ.

ಒಂದು ವಿಷಯ ನನಗೆ ಮೊದಲು ಕೇಳಿದಾಗ ಉಲ್ಟಾ ಅನ್ನಿಸ್ತು. ಹರಿತವಾದ ಚೈನ್‌ಗಿಂತ ಮೊಂಡು ಚೈನ್ ಹೆಚ್ಚು ಅಪಾಯ. ಮೊಂಡಾದಾಗ ಅದು ಮರ ತಿನ್ನಲ್ಲ, ನಾವು ಮೈಭಾರ ಹಾಕಿ ಒತ್ತೋಕೆ ಶುರು ಮಾಡ್ತೀವಿ, ಕೈ ಸೋಲುತ್ತೆ, ಮಿಷನ್ ಜಾರುತ್ತೆ. ಪತ್ತೆ ಹಚ್ಚೋದು ಸುಲಭ. ಕೆಳಗೆ ಬೀಳೋ ಹೊಟ್ಟು ಅವಲಕ್ಕಿ ತರಹ ಚಕ್ಕೆ ಚಕ್ಕೆಯಾಗಿ ಬಂದ್ರೆ ಚೈನ್ ಹರಿತ ಇದೆ. ರಾಗಿ ಹಿಟ್ಟಿನ ತರಹ ಪುಡಿ ಬಂದ್ರೆ ನಿಲ್ಲಿಸಿ, ಅರ ತಗೊಂಡು ಹಲ್ಲು ಮಸೆಯೋ ಟೈಮ್ ಆಯ್ತು.

ಇನ್ನು ಮರ ಬೀಳಿಸೋದು. ನಾನು ಇದನ್ನ ಬಾಗಿಲಿನ ಉದಾಹರಣೆಯಿಂದ ಅರ್ಥ ಮಾಡ್ಕೊಂಡೆ. ಮರ ಬೀಳಬೇಕಾದ ಕಡೆ ಮೊದಲು ಬಾಯಿ ತೆರೆದ ಹಾಗೆ ಒಂದು ಕಚ್ಚು ಹಾಕ್ತಾರೆ, ದಪ್ಪದ ನಾಲ್ಕನೇ ಒಂದು ಭಾಗದಷ್ಟು ಆಳಕ್ಕೆ. ಆಮೇಲೆ ಹಿಂದಿನಿಂದ ಕುಯ್ಯುತ್ತಾ ಬರ್ತಾರೆ. ಪೂರ್ತಿ ಕುಯ್ದು ಎರಡು ಕುಯ್ತ ಸೇರಿಸಬಾರದು. ಮಧ್ಯದಲ್ಲಿ ದಪ್ಪದ ಹತ್ತನೇ ಒಂದು ಭಾಗ, ಅಂದ್ರೆ ಎರಡಡಿ ಮರಕ್ಕೆ ಎರಡು, ಎರಡೂವರೆ ಇಂಚು ಪಟ್ಟಿ ಉಳಿಸ್ಬೇಕು. ಆ ಪಟ್ಟಿ ಬಾಗಿಲಿನ ಕೀಲು ಇದ್ದ ಹಾಗೆ. ಮರ ಅದರ ಮೇಲೆ ತಿರುಗಿ, ನಾವು ಹೇಳಿದ ಕಡೆ ನಿಧಾನಕ್ಕೆ ವಾಲುತ್ತೆ. ಕೀಲು ಕುಯ್ದುಬಿಟ್ರೆ ಬಾಗಿಲು ಯಾವ ಕಡೆ ಬೀಳುತ್ತೆ ಅಂತ ಬಾಗಿಲಿಗೂ ಗೊತ್ತಿರಲ್ಲ. ಬಾರ್ ಸಿಕ್ಕಿ ಹಾಕ್ಕೊಳ್ಳದ ಹಾಗೆ ಹಿಂದಿನ ಕುಯ್ತಕ್ಕೆ ಬೆಣೆ ಹೊಡೀತಾ ಹೋಗ್ಬೇಕು. ಮುಂದಕ್ಕೆ ತುಂಬಾ ವಾಲಿರೋ ಮರ ಆದ್ರೆ ಇನ್ನೂ ಹುಷಾರು. ಕಚ್ಚು ಚಿಕ್ಕದಾಗಿ ಹಾಕಿ ಹಿಂದಿನಿಂದ ಕುಯ್ಯೋಕೆ ಹೋದ್ರೆ ಬೊಡ್ಡೆ ಉದ್ದಕ್ಕೆ ಸೀಳಿ, ಸೀಳಿದ ಭಾಗ ಹಿಂದಕ್ಕೆ ಒದ್ದು ನಿಂತವನ ಎದೆಗೋ ಗದ್ದಕ್ಕೋ ಬರುತ್ತೆ.

ಕುಯ್ಯೋಕೆ ಮುಂಚೆ ಓಡೋ ದಾರಿ ಮಾಡ್ಕೋಬೇಕು. ಮರ ಬೀಳೋ ದಿಕ್ಕಿಗೆ ನೇರ ಹಿಂದೆ ಹೋಗೋದು ತಪ್ಪು, ಬುಡ ಹಿಂದಕ್ಕೆ ಜಾರಬಹುದು. ಹಿಂದೆ ಓರೆಯಾಗಿ, 45 ಡಿಗ್ರಿಯಲ್ಲಿ, ಎರಡೂ ಕಡೆ ದಾರಿ. ಈಗ ಕಾಫಿ ತೋಟವನ್ನ ಕಣ್ಮುಂದೆ ತಂದ್ಕೊಳ್ಳಿ. ಸುತ್ತ ಎದೆಮಟ್ಟದ ಕಾಫಿ ಗಿಡ, ಇಳಿಜಾರು, ಕೆಳಗೆ ತರಗೆಲೆ. ಮಾಲೀಕರು ಬೆಳಿಗ್ಗೆನೇ ಹೇಳಿರ್ತಾರೆ, 'ಗಿಡಕ್ಕೆ ಏಟಾಗಬಾರದು ಕಣಪ್ಪ'. ಅದಕ್ಕೇ ಕೊಂಬೆ ಮೇಲಿಂದ ಇಳಿಸ್ತಾ ಬರ್ತಾರೆ, ಒಬ್ಬ ಮರ ಹತ್ತಿ ಒಂದು ಕೈಯಲ್ಲಿ ಕಾಂಡ ಅಪ್ಪಿ ಇನ್ನೊಂದು ಕೈಯಲ್ಲಿ ಮಿಷನ್ ಓಡಿಸ್ತಾನೆ. ಕೆಳಗಿದ್ದೋನಿಗೆ ಓಡೋಕೆ ದಾರಿ ಮಾಡ್ಬೇಕು ಅಂದ್ರೆ ಎರಡು ಮೂರು ಕಾಫಿ ಗಿಡ ಸವರಬೇಕು, ಆ ಗಿಡಕ್ಕೆ ಯಾರು ಹೇಳ್ತಾರೆ? ಅಪಘಾತ ಆದ್ಮೇಲೆ ಎಲ್ಲರೂ 'ಅವನು ಓಡ್ಲಿಲ್ಲ' ಅಂತಾರೆ. ಅವನಿಗೆ ಓಡೋಕೆ ಜಾಗ ಇರಲಿಲ್ಲ. ತೋಟ ಇರೋರು ಯಾರಾದ್ರೂ ಕೇಳ್ತಿದ್ರೆ, ಕೆಲಸ ಶುರು ಮಾಡೋ ಮುಂಚೆ 'ದಾರಿಗೆ ಬೇಕಾದ್ರೆ ಗಿಡ ತೆಗೀರಿ, ಲೆಕ್ಕ ನನ್ನದು' ಅಂತ ಬಾಯಿಬಿಟ್ಟು ಹೇಳಿ. ನೀವು ಹೇಳದೇ ಇದ್ರೆ ಅವರು ಕೇಳಲ್ಲ.

ದೂರದ ನಿಯಮ ನೆನಪಿಡೋಕೆ ಸುಲಭ: ಕುಯ್ಯೋನನ್ನ ಬಿಟ್ಟು ಬಾಕಿ ಎಲ್ಲರೂ ಮರದ ಎತ್ತರದ ಎರಡರಷ್ಟು ದೂರ. 80 ಅಡಿ ಸಿಲ್ವರ್‌ಗೆ 160 ಅಡಿ. ಯಾಕಿಷ್ಟು ಅಂದ್ರೆ ಬೀಳೋ ಮರ ಇನ್ನೊಂದನ್ನ ಎಳ್ಕೊಂಡು ಬೀಳಬಹುದು, ಸಿಲ್ವರ್ ಕೊಂಬೆ ಬೇಗ ಮುರಿಯೋ ಜಾತಿ, ಚಿಮ್ಮುತ್ತೆ. ಹಗ್ಗ ಎಳೆಯೋರು ಇದ್ರೆ ಹಗ್ಗ ಮರಕ್ಕಿಂತ ಉದ್ದ ಇರ್ಲೇಬೇಕು. ಇದು ಸಾಮಾನ್ಯ ಜ್ಞಾನ ಅಲ್ವಾ ಅಂತೀರ, ಆದ್ರೆ ಗಿಡ್ಡ ಹಗ್ಗ ಹಿಡ್ಕೊಂಡು ತಮ್ಮ ಮೈಮೇಲೆ ತಾವೇ ಮರ ಎಳ್ಕೊಳ್ಳೋ ತಂಡಗಳನ್ನ ಯೂಟ್ಯೂಬ್‌ನಲ್ಲೇ ಎಷ್ಟು ಬೇಕಾದ್ರೂ ನೋಡಬಹುದು. ವಿಡಿಯೋ ಮಾಡೋ ಫ್ರೆಂಡ್‌ಗೂ ಇದೇ 160 ಅಡಿ. ಜೂಮ್ ಮಾಡಪ್ಪ, ಅದಕ್ಕೇ ಇರೋದು.

ಬೀಳೋ ಮರ ಪಕ್ಕದ ಮರದಲ್ಲಿ ಸಿಕ್ಕಿಕೊಂಡ್ರೆ ಅಲ್ಲಿಂದ ಆಟ ಬೇರೆ. ಅರ್ಧ ವಾಲಿ ನಿಂತಿರೋ ಆ ಮರದ ಕೆಳಗೆ ಹೋಗಬಾರದು. ಅದನ್ನ ಹಿಡ್ಕೊಂಡಿರೋ ಮರ ಕಡಿಬಾರದು. ಮೇಲೆ ಹತ್ತಬಾರದು. ದೂರದಿಂದ ವಿಂಚ್‌ನಲ್ಲೋ ಟ್ರ್ಯಾಕ್ಟರ್‌ನಲ್ಲೋ ಬುಡ ಎಳೆದು ಬಿಡಿಸ್ಬೇಕು. ಅದಕ್ಕೆ ಟ್ರ್ಯಾಕ್ಟರ್ ಬರೋ ತನಕ ಕಾಯ್ಬೇಕು, ಒಂದು ಗಂಟೆನೋ ಎರಡು ಗಂಟೆನೋ. ಆ ಎರಡು ಗಂಟೆಗೆ ಕೂಲಿ ಯಾರು ಕೊಡ್ತಾರೆ ಅನ್ನೋ ಪ್ರಶ್ನೆ ನೆನಪಲ್ಲಿಟ್ಕೊಳ್ಳಿ, ಅಲ್ಲಿಗೇ ಬರ್ತೀನಿ.

ಇನ್ನೊಂದು ಸಣ್ಣ ವಿಷಯ, ಕೂಗು. ಇಂಜಿನ್ ಓಡ್ತಿರುವಾಗ ಕುಯ್ಯೋನಿಗೆ ಏನೂ ಕೇಳ್ಸಲ್ಲ. ನೀವು 'ಏಯ್, ಓಡು' ಅಂತ ಗಂಟಲು ಹರ್ಕೊಂಡ್ರೂ ವೇಸ್ಟ್. ಹಿಂದಿನಿಂದ ಹೋಗಿ ಭುಜ ಮುಟ್ಟಿದ್ರೆ ಅವನು ಮಿಷನ್ ಸಮೇತ ತಿರುಗ್ತಾನೆ. ಅವನ ಕಣ್ಣಿಗೆ ಬೀಳೋ ಹಾಗೆ ಮುಂದಿನಿಂದ, ದೂರದಲ್ಲೇ ನಿಂತು ಕೈ ಸನ್ನೆ ಮಾಡ್ಬೇಕು. ಈಗ ತೋಟಗಳಲ್ಲಿ ಅಸ್ಸಾಂ, ಬಂಗಾಳ, ಒಡಿಶಾ ಕಡೆಯವರು ಬಹಳ ಜನ ಇದಾರೆ. ಮೇಸ್ತ್ರಿ ಕನ್ನಡದಲ್ಲಿ ಕೂಗಿದ್ದು ಅವರಿಗೆ ಅರ್ಥ ಆಗೋ ಅಷ್ಟ್ರಲ್ಲಿ ಮರ ನೆಲದ ಮೇಲಿರುತ್ತೆ. ಬೆಳಿಗ್ಗೆ ಟೀ ಕುಡಿಯುವಾಗಲೇ ಮೂರು ಸನ್ನೆ ಒಪ್ಪಂದ ಮಾಡ್ಕೊಳ್ಳಿ: ನಿಲ್ಲಿಸು, ಬೀಳ್ತಿದೆ, ಬರಬಹುದು. ಅಷ್ಟು ಸಾಕು.

ಮರ ಬಿದ್ದ ಮೇಲೆ ಕಥೆ ಮುಗೀತು ಅಂತ ಅನ್ಕೊಂಡ್ರೆ ಅದು ತಪ್ಪು. ನಾಟಾ ಎಳೆಯೋದು, ಹೇರೋದು ಬಾಕಿ ಇದೆ. ಟ್ರ್ಯಾಕ್ಟರ್‌ನಲ್ಲಿ ದಿಮ್ಮಿ ಎಳೀವಾಗ ಸರಪಳಿಯನ್ನ ಹಿಂದುಗಡೆ ಕೆಳಗಿರೋ ಎಳೆಯೋ ಪಟ್ಟಿಗೇ ಕಟ್ಟಬೇಕು. ಬೇಗ ಆಗುತ್ತೆ ಅಂತ ಆಕ್ಸಲ್‌ಗೋ, ಅದಕ್ಕಿಂತ ಮೇಲೋ ಕಟ್ಟಿದ್ರೆ, ದಿಮ್ಮಿ ಒಂದು ಬೊಡ್ಡೆಗೆ ಸಿಕ್ಕಿ ನಿಂತ ಕ್ಷಣ ಟ್ರ್ಯಾಕ್ಟರ್‌ನ ಮೂತಿ ಮೇಲೇಳುತ್ತೆ. ಕುದುರೆ ಎದ್ದು ನಿಂತ ಹಾಗೆ. ವಾಪಸ್ ಬರೋಕಾಗದ ಹಂತಕ್ಕೆ ಒಂದು ಸೆಕೆಂಡ್ ಕೂಡ ಹಿಡಿಯಲ್ಲ, ಡ್ರೈವರ್ ಕ್ಲಚ್ ತುಳಿಯೋ ಯೋಚನೆ ಮಾಡೋ ಮುಂಚೆನೇ ಅದು ಅವನ ಮೇಲಿರುತ್ತೆ. ಏರಿನಲ್ಲಿ ಎಳೆದ್ರಂತೂ ಇನ್ನೂ ಬೇಗ. ವಿಂಚ್‌ನ ಕಬ್ಬಿಣದ ಹಗ್ಗ ಬಿಗಿ ಇರುವಾಗ ಅದನ್ನ ದಾಟಬಾರದು, ಹಗ್ಗ ತಿರುವು ತಗೊಳ್ಳೋ ಕಡೆ ಒಳಮೂಲೆಯಲ್ಲಿ ನಿಲ್ಲಬಾರದು. ಎಳೆ ಹರಿದಿರೋ ಹಗ್ಗಕ್ಕೆ ಗಂಟು ಹಾಕಿ ನಡೆಸೋದು ಬೇಡ. ಕ್ರೇನ್ ಎತ್ತಿರೋ ದಿಮ್ಮಿ ಕೆಳಗೆ ಯಾರೂ ಇರಬಾರದು, ಕೈಯಿಂದ ತಳ್ಳಿ ದಿಕ್ಕು ಸರಿ ಮಾಡೋ ಅಭ್ಯಾಸ ಬಿಟ್ಟು ತುದಿಗೊಂದು ಹಗ್ಗ ಕಟ್ಟಿ. ಲಾರಿಯಿಂದ ಇಳಿಸುವಾಗ ಸರಪಳಿ ಬಿಚ್ಚೋ ಮುಂಚೆ ಆ ಕಡೆ ಹೋಗಿ ಯಾರಾದ್ರೂ ಇದಾರಾ ನೋಡಿ. ಒಬ್ಬ ನೆರಳಿಗೆ ಅಂತ ಲಾರಿ ಪಕ್ಕ ಕೂತಿರ್ತಾನೆ, ಅದೇ ಪಕ್ಕಕ್ಕೆ ದಿಮ್ಮಿ ಉರುಳುತ್ತೆ.

ಕರೆಂಟ್ ಬಗ್ಗೆ ಎರಡೇ ಮಾತು. ಮರಗಸಿ ಟೈಮಲ್ಲಿ, ಮೆಣಸು ಕುಯ್ಯೋ ಟೈಮಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಸತ್ತ ಸುದ್ದಿ ಮಲೆನಾಡು, ಕೊಡಗಿನ ಪೇಪರ್‌ನಲ್ಲಿ ಮತ್ತೆ ಮತ್ತೆ ಬರುತ್ತೆ. ಲೈನ್ ಹತ್ರ ಇರೋ ಮರಕ್ಕೆ ಕೈ ಹಾಕೋ ಮುಂಚೆ ಮೆಸ್ಕಾಂ ಆಗಲಿ ಸೆಸ್ಕ್ ಆಗಲಿ, 1912ಗೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ. 'ಈಗ ಕರೆಂಟ್ ಹೋಗಿದೆ, ಬೇಗ ಮುಗಿಸೋಣ' ಅನ್ನೋ ಬುದ್ಧಿವಂತಿಕೆ ಬೇಡ. ಹೋದ ಕರೆಂಟ್ ಹೇಳಿ ಕೇಳಿ ವಾಪಸ್ ಬರಲ್ಲ.

ಈಗ ಲೆಕ್ಕದ ಪುಸ್ತಕ. ಡಿಗ್ರಿ ಮುಗಿಸಿದ ಮೇಲೆ ಕೆಲವು ತಿಂಗಳು ನಾನು ಮಲೆನಾಡಿನ ಒಬ್ಬ ಟಿಂಬರ್ ವ್ಯಾಪಾರಿ ಹತ್ರ ಲೆಕ್ಕ ಬರೀತಿದ್ದೆ. ಪೆಟ್ರೋಲ್, ಆಯಿಲ್, ಚೈನ್, ಲಾರಿ ಬಾಡಿಗೆ, ಲೋಡಿಂಗ್ ಕೂಲಿ, ಬಾಟಾ, ಎಲ್ಲಕ್ಕೂ ಒಂದೊಂದು ಹೆಡ್ ಇತ್ತು. ಸುರಕ್ಷತೆ ಅಂತ ಹೆಡ್ ಇರಲಿಲ್ಲ. ಒಂದು ಸಲ ಒಬ್ಬರ ಕಾಲಿಗೆ ಮಿಷನ್ ತಾಗಿ ಹೊಲಿಗೆ ಹಾಕಿಸಿದ್ರು. ಆ ಆಸ್ಪತ್ರೆ ಬಿಲ್ ಯಾವ ಹೆಡ್‌ಗೆ ಹೋಯ್ತು ಗೊತ್ತಾ? ಆ ಕೆಲಸಗಾರನ ಹೆಸರಲ್ಲಿ 'ಮುಂಗಡ' ಅಂತ ಬಿತ್ತು. ಮುಂದಿನ ತಿಂಗಳ ಕೂಲಿಯಲ್ಲಿ ಕಂತು ಕಂತಾಗಿ ಮುರ್ಕೊಂಡ್ರು. ಅಕೌಂಟೆನ್ಸಿ ಓದಿದವರಿಗೆ ಗೊತ್ತಿರುತ್ತೆ, ಮುಂಗಡ ಅಂದ್ರೆ ಅದು ಖರ್ಚಲ್ಲ, ವ್ಯಾಪಾರಿಯ ಆಸ್ತಿ. ಪುಸ್ತಕದ ಪ್ರಕಾರ ಆ ಗಾಯದಿಂದ ವ್ಯಾಪಾರಿಗೆ ಒಂದು ರೂಪಾಯಿ ನಷ್ಟ ಆಗಿಲ್ಲ. ನಷ್ಟನೇ ಆಗದೇ ಇರೋದನ್ನ ತಡೆಯೋಕೆ ಯಾರು ದುಡ್ಡು ಹಾಕ್ತಾರೆ ಹೇಳಿ?

ಇದರ ಜೊತೆ ಟನ್ ರೇಟ್ ಸೇರಿಸಿ. ಬಹಳ ಕಡೆ ಕೂಲಿ ಟನ್‌ಗಿಷ್ಟು ಅಂತ. ಸುಮ್ನೆ ಒಂದು ಲೆಕ್ಕಕ್ಕೆ ಹಿಡಿಯೋಣ: ಬ್ರೇಕ್ ನೋಡೋದು, ಚೈನ್ ಮಸೆಯೋದು, ಓಡೋ ದಾರಿ ಸವರೋದು, ಜನರನ್ನ ದೂರ ಕಳಿಸೋದು, ಎಲ್ಲಾ ಸೇರಿ ಮರಕ್ಕೆ ಹತ್ತು ನಿಮಿಷ. ದಿನಕ್ಕೆ ಹನ್ನೆರಡು ಮರ ಅಂದ್ರೆ ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಒಂದು ಕೆಜಿ ಮಾಲೂ ಇಳಿಯಲ್ಲ, ಅಂದ್ರೆ ಒಂದು ರೂಪಾಯಿನೂ ಹುಟ್ಟಲ್ಲ. ಹುಷಾರಾಗಿ ಕೆಲಸ ಮಾಡೋನು ತನ್ನ ಕೂಲಿಯ ಕಾಲುಭಾಗ ಕಳ್ಕೊಳ್ತಾನೆ, ಅವಸರದೋನು ಅದನ್ನ ಗಳಿಸ್ತಾನೆ. ಸಿಕ್ಕಿಕೊಂಡ ಮರದ ಹತ್ರ ಎರಡು ಗಂಟೆ ಕಾದೋನಿಗೆ ಸೊನ್ನೆ, ಕೆಳಗೆ ನುಗ್ಗಿ ಬಿಡಿಸಿದೋನಿಗೆ ಟನ್‌ನ ದುಡ್ಡು. ಆಮೇಲೆ ನಾವು 'ಈ ಜನಕ್ಕೆ ಅರಿವು ಇಲ್ಲ' ಅಂತ ಜಾಗೃತಿ ಕಾರ್ಯಕ್ರಮ ಮಾಡ್ತೀವಿ. ನನ್ನ ಅಭಿಪ್ರಾಯ ಕೇಳಿದ್ರೆ ಅರಿವು ಬೇಕಾದಷ್ಟಿದೆ, ರೇಟ್ ಸರಿ ಇಲ್ಲ. ಸಿಕ್ಕಿಕೊಂಡ ಮರಕ್ಕೆ ಬೇರೆ ದುಡ್ಡು, ಬೆಳಿಗ್ಗೆ ತಯಾರಿಗೆ ದಿನಗೂಲಿ ಲೆಕ್ಕದಲ್ಲಿ ಒಂದು ಗಂಟೆ, ಹೆಲ್ಮೆಟ್, ಬೂಟು, ಕಾಲಿಗೆ ಕಟ್ಟೋ ಚ್ಯಾಪ್ಸ್ ಎಸ್ಟಿಮೇಟ್‌ನಲ್ಲಿ ಪ್ರತ್ಯೇಕ ಸಾಲು. ಚ್ಯಾಪ್ಸ್ ಅಂದ್ರೆ ಒಳಗೆ ನಾರಿನ ಪದರ ಇರೋ ಹೊದಿಕೆ. ಚೈನ್ ತಾಗಿದ ತಕ್ಷಣ ನಾರು ಕಿತ್ಕೊಂಡು ಬಂದು ಹಲ್ಲುಚಕ್ರಕ್ಕೆ ಸುತ್ತಿ ಮಿಷನ್ ನಿಲ್ಲುತ್ತೆ. ಜೀನ್ಸ್ ಪ್ಯಾಂಟ್ ಅದನ್ನ ಮಾಡಲ್ಲ. ಸೆಕೆ ಆಗುತ್ತೆ ನಿಜ, ಅದಕ್ಕೇ ಮಧ್ಯೆ ಮಧ್ಯೆ ಬಿಡುವಿಗೂ ದುಡ್ಡಿರಬೇಕು ಅಂತ ಹೇಳ್ತಿರೋದು.

ಕಾನೂನು ಏನು ಹೇಳುತ್ತೆ ಅಂದ್ರೆ, 1923ರ ನೌಕರರ ಪರಿಹಾರ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಮರ ಕಡಿಯೋ ಕೆಲಸದ ಹೆಸರೇ ಇದೆ. ಆ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಲೆಕ್ಕದ ಸೂತ್ರ ಹೀಗೆ: ಸಾವಾದ್ರೆ ತಿಂಗಳ ಕೂಲಿಯ ಅರ್ಧವನ್ನ ವಯಸ್ಸಿನ ಅಂಶದಿಂದ ಗುಣಿಸ್ಬೇಕು. 30 ವರ್ಷದೋನಿಗೆ ಆ ಅಂಶ 207.98. ಹಳೇ ಕಾಯ್ದೆಯಡಿ 2020ರಲ್ಲಿ ನಿಗದಿಯಾದ ಮಿತಿಯಂತೆ ಕೂಲಿಯನ್ನ 15,000ಕ್ಕೆ ಹಿಡಿದ್ರೆ 7,500 ಗುಣಿಸು 207.98, ಅಂದ್ರೆ 15,59,850 ರೂಪಾಯಿ. ಹೆಬ್ಬೆರಳು ಹೋದ್ರೆ ಗಳಿಕೆ ಶಕ್ತಿಯ ಶೇ. 30 ನಷ್ಟ ಅಂತ ಪಟ್ಟಿಯಲ್ಲೇ ಬರೆದಿದೆ, ಅದೇ ವಯಸ್ಸಿಗೆ ಅದೇ ಕೂಲಿಗೆ 5,61,546 ರೂಪಾಯಿ ಆಗುತ್ತೆ. ಇದನ್ನ ಕೊಡ್ಬೇಕಾದೋರು ಕೆಲಸ ಮಾಡಿಸಿದೋರು. ತಮ್ಮ ವ್ಯವಹಾರದ್ದೇ ಕೆಲಸವನ್ನ ಕಂಟ್ರಾಕ್ಟರ್ ಕೈಲಿ ಮಾಡಿಸಿದ್ರೂ ಮೂಲ ಮಾಲೀಕರಿಂದಲೇ ಕೇಳಬಹುದು, ಅವರು ಬೇಕಾದ್ರೆ ಕಂಟ್ರಾಕ್ಟರ್ ಹತ್ರ ವಸೂಲಿ ಮಾಡ್ಕೊಳ್ತಾರೆ. ಊರಲ್ಲಿ ಇದು ಹತ್ತು ಇಪ್ಪತ್ತು ಸಾವಿರಕ್ಕೆ, ಒಂದು ಚಾಪೆ ಮೇಲೆ ಕೂತು, ನಾಲ್ಕು ಜನ ಹಿರಿಯರ ಮುಂದೆ ಮುಗಿದುಹೋಗುತ್ತೆ.

ಒಂದು ಸೂಕ್ಷ್ಮ ಇದೆ, ಮಿಷನ್ ಹಿಡಿಯೋರು ದಯವಿಟ್ಟು ಕೇಳ್ಸ್ಕೊಳ್ಳಿ. ಕೆಲಸಗಾರ ಬೇಕಂತಲೇ ಸುರಕ್ಷತಾ ಸಾಧನ ತೆಗೆದಿದ್ದ, ಇಲ್ಲಾ ಕುಡಿದಿದ್ದ ಅಂತ ಸಾಬೀತಾದ್ರೆ ಆ ಗಾಯಕ್ಕೆ ಪರಿಹಾರ ಕೊಡಬೇಕಾಗಿಲ್ಲ ಅನ್ನೋ ಮಾತು ಹಳೇ ಕಾಯ್ದೆಯಲ್ಲೇ ಇತ್ತು. ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯ ಆದಾಗ ಈ ವಾದ ನಡೆಯಲ್ಲ. ಬೆರಳು ಹೋದಾಗ ನಡೆಯುತ್ತೆ. ಅಂದ್ರೆ 'ಅಡ್ಡ ಬರುತ್ತೆ' ಅಂತ ನೀವು ಕಿತ್ತ ಆ ಪ್ಲಾಸ್ಟಿಕ್ ತುಂಡು ಐದೂವರೆ ಲಕ್ಷದ್ದಾಗಬಹುದು.

ಕೆಲಸ ಕೊಡೋರಿಗೆ ವರ್ಕ್‌ಮೆನ್ ಕಾಂಪನ್ಸೇಶನ್ ಪಾಲಿಸಿ ಅಂತ ಇನ್ಶೂರೆನ್ಸ್ ಕಂಪನಿಗಳಲ್ಲಿ ಸಿಗುತ್ತೆ, ಡಬ್ಲ್ಯು.ಸಿ. ಪಾಲಿಸಿ ಅಂದ್ರೂ ಗೊತ್ತಾಗುತ್ತೆ. ಮರ ಮಾರೋ ಒಪ್ಪಂದ ಬರೆಯುವಾಗ ಅದರ ಪ್ರತಿ ತೋರಿಸಿ ಅಂತ ಕೇಳಿ. ಕೆಲಸಗಾರ ಸ್ವಂತಕ್ಕೆ ಬ್ಯಾಂಕ್‌ನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಬಹುದು, ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ 2 ಲಕ್ಷ. ಇದು ಮಾಲೀಕರು ಕೊಡಬೇಕಾದ್ದಕ್ಕೆ ಬದಲಿ ಅಲ್ಲ, ಅದರ ಮೇಲೆ ಇನ್ನೊಂದು. ಪರಿಹಾರ ಕೇಳೋಕೆ ವಕೀಲರ ಫೀಸಿಗೆ ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100.

ಕೊನೆಗೆ ಫೋನ್. ಕೂಪಿನಲ್ಲಿ ನೆಟ್‌ವರ್ಕ್ ಇರಲ್ಲ. 108ಕ್ಕೆ ಫೋನ್ ಹೋದ್ರೂ 'ಎಲ್ಲಿ ಬರ್ಬೇಕು' ಅಂದಾಗ 'ಸೇತುವೆ ದಾಟಿ ಎಡಕ್ಕೆ, ಆಮೇಲೆ ಹಲಸಿನ ಮರ' ಅಂತ ಹೇಳೋ ಅಷ್ಟ್ರಲ್ಲಿ ರಕ್ತ ಹೋಗಿರುತ್ತೆ. ಬೆಳಿಗ್ಗೆ ಕೆಲಸ ಶುರು ಮಾಡೋ ಮುಂಚೆ ಗೇಟ್ ಹತ್ರ ನಿಂತು ಲೊಕೇಶನ್ ಪಿನ್ ಮಾಡಿ, ತಂಡದ ವಾಟ್ಸಾಪ್ ಗ್ರೂಪಿಗೆ ಹಾಕಿ, ಮನೇಲಿರೋ ಒಬ್ಬರಿಗೂ ಕಳಿಸಿ. ಸಿಗ್ನಲ್ ಎಲ್ಲಿ ಸಿಗುತ್ತೆ ಅಂತ ಎಲ್ಲರಿಗೂ ಗೊತ್ತಿರಲಿ. ಗಾಯ ಆದ್ರೆ ಶುದ್ಧವಾದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡೀರಿ, ಬಟ್ಟೆ ಒದ್ದೆ ಆದ್ರೆ ಅದನ್ನ ತೆಗೀದೇ ಮೇಲೆ ಇನ್ನೊಂದು ಇಡಿ, ಗಾಡಿಯಲ್ಲೂ ಒತ್ತಿರೋ ಕೈ ತೆಗೀಬೇಡಿ. ಕಾಫಿ ಪುಡಿ, ಸುಣ್ಣ ಹಾಕೋದು ಬೇಡ. ಒಬ್ಬನೇ ಹೋಗಿ ಮರ ಕುಯ್ಯೋ ಕೆಲಸವಂತೂ ಬೇಡವೇ ಬೇಡ, ಯಾಕಂದ್ರೆ ಒತ್ತಿ ಹಿಡಿಯೋಕೆ ಇನ್ನೊಬ್ಬ ಬೇಕಲ್ಲ.

ಈ ಕೆಲಸ ಮಾಡೋರು ಯಾರಾದ್ರೂ ಕೇಳ್ತಿದ್ರೆ ಒಂದು ವಾಯ್ಸ್ ನೋಟ್ ಕಳಿಸಿ. ನಿಮ್ಮ ಕಡೆ ಟನ್ ರೇಟ್ ಎಷ್ಟು, ಸಿಕ್ಕಿಕೊಂಡ ಮರಕ್ಕೆ ಬೇರೆ ದುಡ್ಡು ಕೊಡ್ತಾರಾ, ನಿಮ್ಮ ಆಸ್ಪತ್ರೆ ಬಿಲ್ ಯಾರ ಹೆಸರಲ್ಲಿ ಬರೀತಾರೆ. ಹೆಸರು, ಊರು ಹೇಳ್ಬೇಕಾಗಿಲ್ಲ. ಬಂದಷ್ಟು ರೇಟ್‌ಗಳನ್ನ ಜಿಲ್ಲೆವಾರು ಒಂದು ಶೀಟ್ ಮಾಡಿ ಮುಂದಿನ ಎಪಿಸೋಡ್ ಜೊತೆ ಹಾಕ್ತೀನಿ. ಸಿಗೋಣ.